ಬಾಂಡ್ಸ್ ಹೊರಗೆ, ಸೀಲಿಗ್ ಒಳಗೆ

ಮಾನ್ಯ ಸಂಪಾದಕರೇ,

ನಾನು ನಿವೃತ್ತ ಪಿ.ಟಿ. ಮೇಷ್ಟ್ರು. ಸ್ಯಾನ್ ಫ್ರಾನ್ಸಿಸ್ಕೊದ ಮಗಳ ಮನೆಯಲ್ಲಿ ಬೇಸ್‌ಬಾಲ್ ನೋಡುವ ಚಟ ಹತ್ತಿತು. ಅಲ್ಲಿ ಆಡಿದ್ದ ಬ್ಯಾರಿ ಬಾಂಡ್ಸ್ 762 ಹೋಮ್ ರನ್ (ನಮ್ಮ ಕ್ರಿಕೆಟ್‌ನ ಸಿಕ್ಸರ್ ಇದ್ದ ಹಾಗೆ) ಹೊಡೆದವರು. ಶಕ್ತಿವರ್ಧಕ ಮದ್ದು ಸೇವಿಸಿದ ಆರೋಪದಿಂದಾಗಿ, ಬೇಸ್‌ಬಾಲ್ ದಿಗ್ಗಜರ ಗೌರವ ಭವನವಾದ ಹಾಲ್ ಆಫ್ ಫೇಮ್‌ಗೆ ಮತ ಹಾಕುವ ಬೇಸ್‌ಬಾಲ್ ಬರಹಗಾರರು ಅವರನ್ನು ಆರಿಸಲಿಲ್ಲ. 2022ರ ಕೊನೆಯ ಮತದಾನದಲ್ಲಿ ಬೇಕಿದ್ದುದು ಶೇ 75, ಸಿಕ್ಕಿದ್ದು ಶೇ 66. ಇರಲಿ ಬಿಡಿ. ಆದರೆ ಆ ಕಾಲದಲ್ಲಿ ಲೀಗ್ ನಡೆಸಿದ ಕಮಿಷನರ್ ಬಡ್ ಸೀಲಿಗ್ 2017ರಲ್ಲೇ ಒಳಗೆ ಸೇರಿದರು! ಕಾಪಿ ಹೊಡೆದ ಹುಡುಗನನ್ನು ಡಿಬಾರ್ ಮಾಡಿ, ಕಣ್ಣು ಮುಚ್ಚಿ ಕೂತಿದ್ದ ಮೇಲ್ವಿಚಾರಕರಿಗೆ ಶಾಲು ಹೊದಿಸಿದ ಹಾಗಾಯಿತು.

1998ರಲ್ಲಿ ಮಾರ್ಕ್ ಮೆಗ್ವೈರ್ ಎಂಬ ಇನ್ನೊಬ್ಬ ಆಟಗಾರ 70 ಹೋಮ್ ರನ್ ಹೊಡೆದರು. ಅದೇ ವರ್ಷ ಅವರ ಲಾಕರ್‌ನಲ್ಲಿ ಆಂಡ್ರೊ ಎಂಬ ಶಕ್ತಿವರ್ಧಕ ಮದ್ದಿನ ಬಾಟಲಿ ಪತ್ರಕರ್ತರೊಬ್ಬರ ಕಣ್ಣಿಗೆ ಬಿತ್ತು. ಬೇಸ್‌ಬಾಲ್‌ನಲ್ಲಿ ಆಗ ಅದಕ್ಕೆ ನಿಷೇಧವೇ ಇರಲಿಲ್ಲ. ಕ್ರೀಡಾಂಗಣ ತುಂಬುತ್ತಿದ್ದಾಗ ಮದ್ದಿನ ಪರೀಕ್ಷೆ ಯಾರಿಗೆ ಬೇಕು, ಅಲ್ವಾ? ಆಟಗಾರರ ಸಂಘವೂ ವರ್ಷಗಟ್ಟಲೆ ಅಡ್ಡ ನಿಂತಿತ್ತು. 2004ರಲ್ಲಿ ಕೂಡ ಮೊದಲ ಸಲ ಸಿಕ್ಕಿಬಿದ್ದವರಿಗೆ ಸುಮ್ನೆ ಚಿಕಿತ್ಸೆ, ಹೆಸರೂ ಗುಟ್ಟು. ಈಗ ಮೊದಲ ತಪ್ಪಿಗೇ 80 ಪಂದ್ಯಗಳ ನಿಷೇಧ, ಎರಡನೆಯದಕ್ಕೆ 162, ಮೂರನೆಯದಕ್ಕೆ ಆಜೀವ ನಿಷೇಧ.

ಬಾಂಡ್ಸ್ ಹೊರಗಿರಲಿ ಅನ್ನುವವರ ಜೊತೆ ನನಗೆ ಜಗಳವಿಲ್ಲ. ಹಾಗಿದ್ದರೆ ಹಾಲ್ ಆಫ್ ಫೇಮ್‌ನಲ್ಲಿರುವ ಸೀಲಿಗ್ ಫಲಕವನ್ನೂ ಇಳಿಸಿ.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಹಾಸನ