ತೆರಿಗೆ ಸಲಹೆಗಾರರು ಕೊಳ್ಳುವ ತಂತ್ರಾಂಶ ಪಹಣಿಯನ್ನೂ ಓದಬಲ್ಲದೇ?

ಮಾನ್ಯ ಸಂಪಾದಕರೇ,

ಗ್ರಾಹಕರ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿ ಕೊಟ್ಟರೆ ತಾನೇ ಓದಿ, ಆದಾಯ ತೆರಿಗೆ ರಿಟರ್ನ್‌ಗೆ ಬೇಕಾದ ಅಂಕಿಗಳನ್ನು ತುಂಬಿಕೊಡುವ ತಂತ್ರಾಂಶಗಳನ್ನು ಈಗ ಜಿಲ್ಲಾ ಕೇಂದ್ರಗಳ ಸಣ್ಣ ತೆರಿಗೆ ಸಲಹಾ ಕಚೇರಿಗಳೂ ಕೊಳ್ಳುತ್ತಿವೆ. ಜುಲೈ ತಿಂಗಳಲ್ಲಿ ನಮ್ಮ ಸಹಾಯಕರು ರಾತ್ರಿಯವರೆಗೂ ಕುಳಿತು ಬ್ಯಾಂಕ್ ಸ್ಟೇಟ್‌ಮೆಂಟಿನ ಸಾಲುಗಳನ್ನು ಟೈಪ್ ಮಾಡುವ ಕಷ್ಟ ಬಲ್ಲವರಾರೂ ಇದನ್ನು ಬೇಡವೆನ್ನಲಾರರು. ನನ್ನ ಕಳಕಳಿಯೆಲ್ಲ ಆಯ್ಕೆಯ ಕ್ರಮದ ಬಗ್ಗೆ.

ಮಾರಾಟಗಾರರು ಪ್ರಾತ್ಯಕ್ಷಿಕೆಗೆ ತರುವುದು ಸಾಮಾನ್ಯವಾಗಿ ಫಾರಂ 16, ಅಂದರೆ ಸಂಬಳ ಮತ್ತು ಅದರಲ್ಲಿ ಹಿಡಿದ ತೆರಿಗೆಯ ಬಗ್ಗೆ ಉದ್ಯೋಗದಾತರು ಕೊಡುವ ಪ್ರಮಾಣಪತ್ರ. ಅದು ದೇಶದೆಲ್ಲೆಡೆ ಒಂದೇ ನಮೂನೆಯಲ್ಲಿ, ಅಚ್ಚುಕಟ್ಟಾದ ಇಂಗ್ಲಿಷ್ ಮುದ್ರಣದಲ್ಲಿ ಇರುವುದರಿಂದ ಅದನ್ನು ಓದುವುದು ದೊಡ್ಡ ಪರೀಕ್ಷೆಯಲ್ಲ. ನಮ್ಮಲ್ಲಿಗೆ ಬರುವ ಅಡಿಕೆ ಬೆಳೆಗಾರರು ತರುವುದು ಪಹಣಿ, ಕನ್ನಡದ ಕ್ರಯಪತ್ರ, ಮಂಡಿಯ ಕೈಬರಹದ ಚೀಟಿ. ಕೃಷಿ ಆದಾಯ 5 ಲಕ್ಷ ರೂಪಾಯಿ ಮೀರಿದವರು ರಿಟರ್ನ್‌ನಲ್ಲಿ ಜಮೀನು ಇರುವ ಜಿಲ್ಲೆ, ಎಕರೆಗಳಲ್ಲಿ ವಿಸ್ತೀರ್ಣ, ಅದು ನೀರಾವರಿಯೋ ಮಳೆಯಾಶ್ರಿತವೋ ಎಂಬುದನ್ನೆಲ್ಲ ತಿಳಿಸಬೇಕು. ಎರಡು ಎಕರೆ ಇಪ್ಪತ್ತು ಗುಂಟೆಯನ್ನು ನಾವು 2-20 ಎಂದು ಬರೆಯುತ್ತೇವೆ. ಎಕರೆಗೆ 40 ಗುಂಟೆಯಾದ್ದರಿಂದ ಅದು ಎರಡೂವರೆ ಎಕರೆ. ಇದನ್ನು ಅರಿಯದ ತಂತ್ರಾಂಶ 2.20 ಎಂದು ತುಂಬಿದರೆ ನೋಡುವವರ ಕಣ್ಣಿಗೂ ಅದು ಸರಿಯಾಗಿಯೇ ಕಾಣುತ್ತದೆ. ‘ಬಿನ್’ (ಇಂಥವರ ಮಗ), ‘ಕೋಂ’ (ಇಂಥವರ ಹೆಂಡತಿ) ಎಂಬುವನ್ನು ಹೆಸರಿನ ಭಾಗವೆಂದೇ ತಿಳಿದರೆ ಪ್ಯಾನ್‌ನಲ್ಲಿರುವ ಹೆಸರಿನೊಂದಿಗೆ ತಾಳೆಯಾಗುವುದಿಲ್ಲ.

ಅಕ್ಷರ ಸರಿಯಾಗಿ ಓದಿದರೂ ಲೆಕ್ಕ ತಪ್ಪಬಹುದು. ವರ್ಷದ ನಡುವೆ ಕೆಲಸ ಬದಲಿಸಿದವರ ಎರಡೂ ಫಾರಂ 16ಗಳಲ್ಲಿ ಹೊಸ ತೆರಿಗೆ ಪದ್ಧತಿಯ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದಿಂದ ಕಳೆಯುವ ನಿಗದಿತ ಮೊತ್ತ) ಇರಬಹುದು; ಎರಡನ್ನೂ ಕೂಡಿಸಿಬಿಟ್ಟರೆ, ಒಮ್ಮೆ ಮಾತ್ರ ಸಿಗಬೇಕಾದ ಕಡಿತ ಎರಡು ಬಾರಿ ಸೇರಿ ತೆರಿಗೆ ಕಡಿಮೆಯಾಗುತ್ತದೆ, ಮುಂದೆ ನೋಟಿಸು ಬರುವುದು ಗ್ರಾಹಕನಿಗೆ. ಆದ್ದರಿಂದ ತುಂಬಿದ ಪ್ರತಿ ಅಂಕಿಯ ಮೇಲೂ ಒತ್ತಿದರೆ ಅದು ಬಂದ ಮೂಲ ಪುಟ ತೆರೆದುಕೊಳ್ಳಬೇಕು, ಸಿಬ್ಬಂದಿ ಒಪ್ಪಿಗೆ ಕೊಡದೆ ಯಾವುದೂ ಮುಂದೆ ಹೋಗಬಾರದು. ಬೆಲೆಯ ಚೌಕಾಸಿಗಿಂತ ಮೊದಲು ಕೇಳಬೇಕಾದದ್ದು ಇದನ್ನು.

ಆಧಾರ್, ಪ್ಯಾನ್, ಬ್ಯಾಂಕ್ ವಿವರಗಳನ್ನು ಜನ ನಮ್ಮನ್ನು ನಂಬಿ ಕೊಟ್ಟಿರುತ್ತಾರೆ. ಅವು ಯಾರ ಸರ್ವರ್‌ನಲ್ಲಿ ಉಳಿಯುತ್ತವೆ, ಚಂದಾ ನಿಲ್ಲಿಸಿದ ಮೇಲೆ ಅಳಿಸುತ್ತಾರೆಯೇ ಎಂಬುದು ಒಪ್ಪಂದದಲ್ಲಿ ಲಿಖಿತವಾಗಿರಬೇಕು. ಸಂಸ್ಕರಣೆಯನ್ನು ಬೇರೆಯವರಿಗೆ ಒಪ್ಪಿಸಿದರೂ ಹೊಣೆ ಮಾಹಿತಿ ಪಡೆದವರದ್ದೇ ಎಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವುದರೊಂದಿಗೆ ಸೆಕ್ಷನ್ ಸಂಖ್ಯೆಗಳೂ ಬದಲಾಗಿರುವುದರಿಂದ, ಆ ಪರಿಷ್ಕರಣೆ ಚಂದಾದಲ್ಲೇ ಸೇರಿದೆಯೇ ಎಂಬುದನ್ನೂ ಕೇಳಿಕೊಳ್ಳಬೇಕು.

ನಮ್ಮ ವೃತ್ತಿ ಸಂಘಗಳು ಹೆಸರು ಮತ್ತು ಗುರುತಿನ ಸಂಖ್ಯೆಗಳನ್ನು ಮರೆಮಾಡಿದ ಪಹಣಿ, ಕ್ರಯಪತ್ರ, ಮಂಡಿ ಚೀಟಿಗಳ ಒಂದು ಕಟ್ಟನ್ನು ಸಿದ್ಧಪಡಿಸಿ, ಮಾರಾಟಕ್ಕೆ ಬರುವ ಪ್ರತಿಯೊಂದು ತಂತ್ರಾಂಶವನ್ನೂ ಅದರಿಂದಲೇ ಪರೀಕ್ಷಿಸಿ, ಫಲಿತಾಂಶವನ್ನು ಸದಸ್ಯರಿಗೆಲ್ಲ ತಿಳಿಸಬೇಕೆಂದು ವಿನಂತಿಸುತ್ತೇನೆ.

– ಒಬ್ಬ ತೆರಿಗೆ ಸಲಹೆಗಾರ, ದಾವಣಗೆರೆ