ನಮ್ಮಲ್ಲಿ ಅಂದ್ರೆ ಎಲ್ಲಿ, ಪುಟ್ಟಿ?

ಸರಸ್ವತಿಪುರಂ, ಮೈಸೂರು
ಮೇ 14

ಚಿ. ಸೌ. ಪುಟ್ಟಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಉಭಯಕುಶಲೋಪರಿ.

ಡಲ್ಲಾಸ್ ಮನೆ ಮಾರಿ, ಮಕ್ಕಳ ಸಮೇತ ಮೈಸೂರಿಗೇ ಬಂದುಬಿಡ್ತೀವಿ ಅಂತ ನೀನು ಹೇಳಿದ ದಿನದಿಂದ ನಿಮ್ಮಮ್ಮನ ಕಾಲು ನೆಲದ ಮೇಲೆ ನಿಂತಿಲ್ಲ. ಮಹಡಿ ರೂಮಿಗೆ ಬಣ್ಣ ಹೊಡೆಸುತ್ತಿದ್ದಾಳೆ. ನನಗೂ ಸಂತೋಷವೇ. ಆದರೆ ಈ ದಾರಿಯಲ್ಲಿ ನಿನಗಿಂತ ಮುಂಚೆ ನಡೆದು ಮುಗ್ಗರಿಸಿದವನು ನಾನು. 1984ರಲ್ಲಿ ನ್ಯೂಜೆರ್ಸಿಗೆ ಹೋಗಿ 1998ರಲ್ಲಿ ಗಂಟುಮೂಟೆ ಕಟ್ಟಿಕೊಂಡು ವಾಪಸ್ಸಾದವನು. ಫೋನಿನಲ್ಲಿ ಹೇಳಿದರೆ ನಕ್ಕು ಮರೀತೀಯ, ಅದಕ್ಕೇ ಈ ಕಾಗದ.

"ರಜೆಗೆ ಬಂದು ಹೋಗ್ತಾನೇ ಇದ್ದೆನಲ್ಲ ಮಾವ, ನನಗೇನು ಹೊಸದು" ಅನ್ನಬೇಡ. ಮೂರು ವಾರಕ್ಕೆ ಬಂದವಳು ನೆಂಟರವಳು. ಅವಳಿಗೆ ಕರೆಂಟ್ ಹೋದರೂ ಮಜಾ. ಗ್ಯಾಸ್ ಬುಕ್ ಮಾಡೋರು, ಹಸಿ ಕಸ ಒಣ ಕಸ ಬೇರೆ ಮಾಡಿ ಗಾಡಿ ಹಾಡು ಕೇಳಿದ ತಕ್ಷಣ ಗೇಟಿಗೆ ಓಡೋರು, ನಲ್ಲಿ ನೀರು ಬಿಡುವ ಹೊತ್ತಿಗೆ ಎದ್ದು ಸಂಪು ತುಂಬಿಸೋರು ಬೇರೆ ಯಾರೋ. ಇನ್ಮೇಲೆ ಆ ಬೇರೆ ಯಾರೋ ನೀನೇ.

ಒಂದು ವಿಷಯ ಗಮನಿಸಿದ್ದೇನೆ. ಮನಸ್ಸು ವಿಮಾನ ಹತ್ತುವ ಮೊದಲೇ ಊರು ಸೇರಿರುತ್ತದೆ, ಕೈಕಾಲಿಗೆ ಮಾತ್ರ ಆರು ತಿಂಗಳು ಬೇಕು. ಅಲ್ಲಿ ಸ್ವಿಚ್ಚು ಮೇಲಕ್ಕೆತ್ತಿದರೆ ದೀಪ, ಇಲ್ಲಿ ಕೆಳಕ್ಕೊತ್ತಿದರೆ. ನಾನು ತಿಂಗಳುಗಟ್ಟಲೆ ಗೀಸರ್ ಹಾಕಿದೆ ಅಂದುಕೊಂಡು ತಣ್ಣೀರಲ್ಲಿ ಸ್ನಾನ ಮಾಡಿದೆ. ಕಾರಿನಲ್ಲಿ ಇಂಡಿಕೇಟರ್ ಇರುವ ಕೈ ಬೇರೆ. ಏಪ್ರಿಲ್ ಬಿಸಿಲಿನಲ್ಲಿ ಪ್ರತಿ ತಿರುವಿನಲ್ಲೂ ವೈಪರ್ ಆಡಿಸಿಕೊಂಡು ಹೋಗುತ್ತಿದ್ದವನು ಇಡೀ ಕುವೆಂಪುನಗರದಲ್ಲಿ ನಾನೊಬ್ಬನೇ. ನಿನ್ನ ಆ 110 ವೋಲ್ಟ್ ಮಿಕ್ಸಿಯನ್ನು ಅಲ್ಲೇ ಯಾರಿಗಾದರೂ ಕೊಟ್ಟು ಬಾ. ಇಲ್ಲಿಯದು 230 ವೋಲ್ಟು. ನಾನು ತಂದದ್ದು ಯುಗಾದಿ ದಿನ ಮಾವಿನಕಾಯಿ ಚಟ್ನಿ ಅರೆಯುತ್ತಾ ಢಬ್ ಅಂತು. ನಿಮ್ಮಜ್ಜಿ ಹೊಗೆ ಆರೋ ತನಕ ಕಾದು, ಮಾತಾಡದೆ ಒರಳುಕಲ್ಲು ತೊಳೆದರು.

ಆ ಅಜ್ಜಿಯೇ ಒಂದು ದಿನ ನನ್ನ ಮೇಲೆ ಸಿಟ್ಟಾದರು. ಕಾಫಿ ಲೋಟ ಕೈಗೆ ಕೊಟ್ಟಾಗ "ಥ್ಯಾಂಕ್ಸಮ್ಮ" ಅಂದಿದ್ದೆ, ಬಂದಾಗಿನಿಂದ ದಿನಾ ಅಂತಿದ್ದೆ. "ನಾನೇನು ಹೋಟ್ಲು ಮಾಣೀನೇನೋ? ಟಿಪ್ಸೂ ಇಡ್ತೀಯಾ?" ಅಂದರು. ಧನ್ಯವಾದ ಅನ್ನುವುದು ನಮಗೆ ಸಭೆಯ ಕೊನೆಯಲ್ಲಿ ಮೈಕಿನ ಮುಂದೆ ನಿಂತು ವಂದನಾರ್ಪಣೆ ಮಾಡುವವರು ಹೇಳುವ ಮಾತು. ಅಡುಗೆಮನೆಯಲ್ಲಿ "ಕಾಫಿ ಹದವಾಗಿದೆ" ಅಂದರೆ ಸಾಕು, ಇನ್ನೊಂದರ್ಧ ಲೋಟ ತಾನಾಗೇ ಬರುತ್ತದೆ.

ಕ್ಯೂ ವಿಷಯ. ಕರೆಂಟ್ ಬಿಲ್ ಕಟ್ಟಲು ನಿಂತಿದ್ದೆ. ಅಭ್ಯಾಸಬಲ, ಮುಂದಿನವರಿಗೂ ನನಗೂ ನಡುವೆ ಒಂದು ಮಾರು ಜಾಗ ಬಿಟ್ಟಿದ್ದೆ. ಆ ಜಾಗದಲ್ಲಿ ಹತ್ತು ನಿಮಿಷದೊಳಗೆ ಮೂರು ಜನ ಸಂಸಾರ ಹೂಡಿದರು. ನಾಲ್ಕನೆಯವರು ಮಾತ್ರ ಮರ್ಯಾದಸ್ಥರು. "ತಾವು ಕ್ಯೂನಲ್ಲಿದೀರೋ, ಸುಮ್ನೆ ನಿಂತಿದೀರೋ?" ಅಂತ ಕೇಳಿಯೇ ಮುಂದೆ ಹೋದರು.

ಇದೆಲ್ಲ ನನ್ನ ಕಾಲದ್ದು. ನಾನು ಬಂದಾಗ ದೇಶ ಹಿಂದಿದೆ ಅಂತ ಒಳಗೊಳಗೇ ಬೀಗುತ್ತಿದ್ದೆ. ನಿನಗೆ ಆ ಸುಖವೂ ಇಲ್ಲ, ನೀನೇ ಹಿಂದಿರುತ್ತೀಯ. 2016ರಲ್ಲಿ ಯುಪಿಐ ಬಂದ ಮೇಲೆ ಹತ್ತು ರೂಪಾಯಿ ಕೊತ್ತಂಬರಿ ಸೊಪ್ಪಿಗೂ ಫೋನು ತೋರಿಸುವುದೇ. ಸೊಪ್ಪಿನಮ್ಮನ ತಳ್ಳುಗಾಡಿಯಲ್ಲಿ ದುಡ್ಡು ಬಂತೆಂದು ಡಬ್ಬಿ ಕೂಗಿ ಹೇಳುತ್ತದೆ. ಹೋದ ಸಲ ನೀನು ಅವಳ ಮುಂದೆ ಕ್ರೆಡಿಟ್ ಕಾರ್ಡ್ ಹಿಡಿದದ್ದನ್ನು ಅವಳು ಈಗಲೂ ನೆನೆಸಿಕೊಂಡು ನಗುತ್ತಾಳೆ. ಹಾಂ, ಹಳೇ ಪರ್ಸಿನಲ್ಲಿ ಜೋಪಾನವಾಗಿಟ್ಟ ಐನೂರು, ಸಾವಿರದ ನೋಟುಗಳಿದ್ದರೆ ಅವು ಆ ವರ್ಷದ ನವೆಂಬರ್ 8ರ ರಾತ್ರಿಯೇ ತೀರಿಕೊಂಡಿವೆ.

ಕೆಲಸಗಾರರ ಮಾತು ಕಲಿಯಬೇಕು. ಬಂದ ಹೊಸದರಲ್ಲಿ ನಲ್ಲಿ ರಿಪೇರಿಯವನು ಪೈಪು ಬಿಚ್ಚಿಟ್ಟು "ಬರ್ತೀನಿ ಸಾರ್" ಅಂತ ಹೊರಟ. ವಾಷರ್ ತರಲು ಹೋದ ಅಂದುಕೊಂಡು ಮಧ್ಯಾಹ್ನದವರೆಗೆ ಹಜಾರದಲ್ಲಿ ಕೂತೆ, ಊಟಕ್ಕೂ ಏಳಲಿಲ್ಲ. ಸಂಜೆಗೆ ನಿಮ್ಮತ್ತೆ ಹೇಳಿದಳು: "ಹೊರಡೋವಾಗ ಎಲ್ರೂ ಬರ್ತೀನಿ ಅಂತಾನೇ ಅನ್ನೋದು. ಹೋಗ್ತೀನಿ ಅಂತ ಯಾರಾದ್ರೂ ಅಂತಾರೇನ್ರೀ?" ಹದಿನಾಲ್ಕು ವರ್ಷದಲ್ಲಿ ನಾನು ಮರೆತದ್ದು ಇಷ್ಟೇ ನೋಡು, ಆದರೆ ಇಷ್ಟನ್ನು ಮರೆತರೆ ಮನೆಯಲ್ಲಿ ಮೂರು ದಿನ ನೀರಿರುವುದಿಲ್ಲ.

ಮಕ್ಕಳ ಬಗ್ಗೆ ನಿನಗೆ ಚಿಂತೆ, ಗೊತ್ತು. ಕನ್ನಡ ಕಲಿಕಾ ಕಾಯ್ದೆ 2015ರಿಂದಲೇ ಇದೆ, ಸಿಬಿಎಸ್‌ಇ ಶಾಲೆಯಾದರೂ ಕನ್ನಡ ಓದಲೇಬೇಕು. ಅದು ಬಿಡು, ಅಕ್ಷರ ಹೇಗೋ ಬರುತ್ತದೆ. ಮೊದಲು "ನೀವು" ಕಲಿಸು. ಅಲ್ಲಿ ಬೆಳೆದ ಮಕ್ಕಳಿಗೆ ಕನ್ನಡ ಅಂದರೆ ಅಪ್ಪ ಅಮ್ಮನ ಜೊತೆಯ ಮಾತು, ಅದರಲ್ಲಿರುವುದು "ನೀನು" ಒಂದೇ. ನನ್ನ ಮಗ ಎಂಟು ವರ್ಷದವನು, ಶಾಲೆಗೆ ಸೇರಿಸಲು ಕರಕೊಂಡು ಹೋದಾಗ ಹೆಡ್‌ಮಾಸ್ಟರು ಪ್ರೀತಿಯಿಂದ "ಬಾಪ್ಪ, ಕೂತ್ಕೋ" ಅಂದರು. ಇವನು ಅಷ್ಟೇ ಪ್ರೀತಿಯಿಂದ "ನೀನೂ ಕೂತ್ಕೋ, ಎಷ್ಟೊತ್ತು ನಿಂತಿರ್ತೀಯ" ಅಂದ. ಜವಾನ ಬಾಯಿಗೆ ಕೈ ಹಿಡಿದುಕೊಂಡು ಆಚೆ ಹೋದ. ಹೆಡ್‌ಮಾಸ್ಟರು ಮಾತ್ರ ಕೂತರು, ಪುಣ್ಯಾತ್ಮರು. ಮನೆಯಲ್ಲಿ ಒಂದು ತಿಂಗಳು ತಾಲೀಮು ನಡೆಸಿದ ಮೇಲೆ ಬೀದಿ ಹಸುವಿಗೂ "ಸ್ವಲ್ಪ ಸರೀರಿ" ಅನ್ನತೊಡಗಿದ.

"ಯಾಕೆ ವಾಪಸ್ ಬಂದ್ರಿ, ಕೆಲಸ ಹೋಯ್ತಾ?" ಅಂತ ಮೊದಲ ವಾರ ಹತ್ತು ಜನ ಕೇಳುತ್ತಾರೆ. ಬೇರು, ಮಣ್ಣು ಅಂತ ಭಾಷಣ ಬಿಗಿಯಬೇಡ. "ಅಮ್ಮಂಗೆ ವಯಸ್ಸಾಯ್ತು" ಅನ್ನು, ಮುಗೀತು. ಸಂಬಳ ಎಷ್ಟು ಅಂತಲೂ ಕೇಳುತ್ತಾರೆ. ಅದರಲ್ಲಿ ಕೆಟ್ಟದ್ದೇನಿಲ್ಲ, ತಿರುಗಿ ಅವರ ಸಂಬಳ ಕೇಳಬಹುದು.

ಈಗ ನಾನು ನಿಜವಾಗಿ ಹೇಳಬೇಕೆಂದುಕೊಂಡ ಮಾತು. ವಾಪಸ್ಸು ಬಂದ ಎರಡನೇ ತಿಂಗಳು ನಮ್ಮ ಬೀದಿ ಕೊನೆಯ ಕ್ಷೌರದಂಗಡಿಗೆ ಹೋದೆ. ಐದು ಜನ ಪೇಪರ್ ಹಿಡಿದು ಕಾಯುತ್ತಿದ್ದರು. ನಾನು ದೊಡ್ಡ ಮನುಷ್ಯನ ಹಾಗೆ, "ನಮ್ಮಲ್ಲಿ ಮೊದಲೇ ಟೈಮ್ ಹೇಳಿ ಬರ್ತೀವಿ, ಹೀಗೆ ಕಾಯೋ ಪದ್ಧತಿ ಇಲ್ಲ" ಅಂದೆ. ಕತ್ತರಿ ನಿಂತಿತು. "ತಮ್ದು ಯಾವೂರು ಸಾರ್?" ಅಂದ ಆತ. ಅದೇ ಅಂಗಡಿಯಲ್ಲಿ ಅವನ ಅಪ್ಪ ಕುರ್ಚಿಯ ಮೇಲೆ ಅಡ್ಡಹಲಗೆ ಇಟ್ಟು ನನ್ನನ್ನು ಕೂರಿಸಿ ಕೂದಲು ತೆಗೆದಿದ್ದ. ಉತ್ತರ ಹೇಳಲಾಗಲಿಲ್ಲ. ತಮಾಷೆ ಅಂದರೆ ನ್ಯೂಜೆರ್ಸಿಯಲ್ಲಿ ಹಿಮ ಬಾಚುತ್ತಾ, ತಣ್ಣನೆ ಸ್ಯಾಂಡ್‌ವಿಚ್ ತಿನ್ನುತ್ತಾ ಅಷ್ಟೂ ವರ್ಷ ನಾನು ಹೇಳಿದ್ದು ಅದನ್ನೇ: "ನಮ್ಮಲ್ಲಿ ಹೀಗಲ್ಲ."

ನೀನೂ ಅನ್ನುತ್ತೀಯ, ತಡೆಯಲಾಗುವುದಿಲ್ಲ. ಅಂದಾಗ ನಾಲಿಗೆ ಕಚ್ಚಿಕೊಂಡು ಒಂದು ಸಲ ನಕ್ಕುಬಿಡು, ಎದುರಿನವರೂ ನಗುತ್ತಾರೆ. ಆದಾಯ ತೆರಿಗೆ ಕಾನೂನಿಗೇ ಇದು ಅರ್ಥವಾಗಿದೆ. ನಿನ್ನಂಥವರಿಗೆ ಬಂದ ಮೊದಲ ಎರಡು ಮೂರು ವರ್ಷ ಅದರಲ್ಲಿ ಒಂದು ಹೆಸರಿದೆ: "ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ". ಆಡಿಟರುಗಳು ಆರ್‌ಎನ್‌ಒಆರ್ ಅಂತಾರೆ. ಬರೆದವನೂ ಯಾವುದೋ ಕಾಲಕ್ಕೆ ಲಂಡನ್ನಿನಿಂದ ವಾಪಸ್ಸಾದವನೇ ಇರಬೇಕು. ಆ ಅವಧಿಯಲ್ಲಿ ಅಲ್ಲಿನ ಬಡ್ಡಿ, ಬಾಡಿಗೆಗೆ ಇಲ್ಲಿ ತೆರಿಗೆ ಇಲ್ಲ, ಆಡಿಟರನ್ನು ಬೇಗ ಕಂಡುಕೋ. ಎನ್‌ಆರ್‌ಇ ಖಾತೆ, ಅಂದರೆ ಅನಿವಾಸಿಗಳ ಬ್ಯಾಂಕ್ ಖಾತೆ, ಹಾಗೇ ಬಿಡುವಂತಿಲ್ಲ, ಬ್ಯಾಂಕಿಗೆ ತಿಳಿಸಬೇಕು.

ಚಾಕಲೇಟು, ಬಾದಾಮಿ ಹೊತ್ತು ತರಬೇಡ. ಆ ಕ್ಯಾಲಿಫೋರ್ನಿಯಾ ಬಾದಾಮಿಯೇ ದೇವರಾಜ ಮಾರುಕಟ್ಟೆಯಲ್ಲೂ ಇರುವುದು. ದೇವನಹಳ್ಳಿಯಿಂದ ಮೈಸೂರಿಗೆ ನೇರ ಫ್ಲೈಬಸ್ ಇದೆ, ಆದರೆ ನಿಮ್ಮಮ್ಮ ಕೇಳುವುದಿಲ್ಲ, ಕಾರು ಮಾಡಿಕೊಂಡು ನಾವೇ ಬರುತ್ತೇವೆ.

ಒಂದೇ ತೊಡಕು. ವಾಟ್ಸಾಪಿನಲ್ಲಿ "6/7ಕ್ಕೆ ಇಳಿತೀವಿ" ಅಂತ ಬರೆದಿದ್ದೀಯ. ಅದು ನಿನ್ನ ಲೆಕ್ಕದ ಜೂನ್ 7ನೇ ತಾರೀಖೋ, ನಮ್ಮ ಲೆಕ್ಕದ ಜುಲೈ 6ನೇ ತಾರೀಖೋ? ಜೂನ್ ಆದರೆ ಬಾದಾಮಿ ಮಾವು ಇನ್ನೂ ಸಿಗುತ್ತೆ, ಜುಲೈ ಆದರೆ ನೀಲಂ ಮಾತ್ರ. ಹಾಲಿನವನಿಗೂ ಎರಡು ಲೀಟರ್ ಜಾಸ್ತಿ ಹೇಳಬೇಕು. ಬೇಗ ತಿಳಿಸು.

ಇಂತಿ,
ನಿನ್ನ ಮಾವ