ಪೀಠದ ಪಕ್ಕದಲ್ಲಿ ನಿಂತವರ ಚರಿತ್ರೆ: ರಾಜ್ಯಸಭೆಯ ಸಭಾಪತಿಯವರಿಗೊಂದು ಬಹಿರಂಗ ಪತ್ರ

ಮಾನ್ಯ ಸಭಾಪತಿಯವರಿಗೆ ಗೌರವಪೂರ್ವಕ ವಂದನೆಗಳು.

ತಾವು ಪೀಠಕ್ಕೆ ಬರುವ ಹೊತ್ತಿನಲ್ಲಿ ಸದನಕ್ಕೆ ಮೊದಲು ಕೇಳಿಸುವುದು ಸದನದ ಶಿಸ್ತು, ಕಾವಲು ನೋಡಿಕೊಳ್ಳುವ ಅಧಿಕಾರಿಯಾದ ಮಾರ್ಷಲ್ ಅವರ ದನಿ. ಮಾನ್ಯ ಸದಸ್ಯರೇ, ಮಾನ್ಯ ಸಭಾಪತಿಯವರು ಬರುತ್ತಿದ್ದಾರೆ ಎಂಬುದನ್ನು ಅವರು ಹಿಂದಿಯಲ್ಲಿ ಕೆಲವೇ ಪದಗಳಲ್ಲಿ ಕೂಗಿ ಹೇಳುತ್ತಾರೆ, ಸದಸ್ಯರು ಎದ್ದು ನಿಲ್ಲುತ್ತಾರೆ, ತಾವು ಕೈಮುಗಿದು ಕುಳಿತುಕೊಳ್ಳುತ್ತೀರಿ, ಆಮೇಲೆ ಆ ಅಧಿಕಾರಿ ಪೀಠದ ಪಕ್ಕಕ್ಕೆ ಸರಿದು ಮೌನವಾಗುತ್ತಾರೆ. ನಾನು ಪ್ರೌಢಶಾಲೆಯಲ್ಲಿ ಪೌರನೀತಿ ಕಲಿಸುತ್ತಿದ್ದ ಕಾಲದಲ್ಲಿ ದೂರದರ್ಶನದ ನೇರಪ್ರಸಾರವನ್ನು ಮಕ್ಕಳಿಗೆ ತೋರಿಸಿದಾಗಲೆಲ್ಲ ಅವರು ತಪ್ಪದೆ ಕೇಳುತ್ತಿದ್ದ ಪ್ರಶ್ನೆ, ಪೇಟ ಸುತ್ತಿಕೊಂಡು ಹಿಂದೆ ನಿಂತವರು ಯಾರು ಎಂಬುದಾಗಿತ್ತು. ಪಠ್ಯಪುಸ್ತಕದಲ್ಲಿ ರಾಷ್ಟ್ರಪತಿಯಿಂದ ಹಿಡಿದು ಮಹಾಲೇಖಪಾಲರವರೆಗೆ ಎಲ್ಲರ ವಿವರವೂ ಇತ್ತು, ಇವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಮಕ್ಕಳಿಗೆ ಉತ್ತರ ಹೇಳಲೆಂದು ಅಂದು ಓದತೊಡಗಿದ್ದು ಇಂದಿಗೂ ನಿಂತಿಲ್ಲ. ಆ ಓದಿನಿಂದ ಹುಟ್ಟಿದ ಮೂರು ಕೋರಿಕೆಗಳನ್ನು ತಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಆ ಕೂಗಿನ ಬಗ್ಗೆಯೇ ಹೇಳಬೇಕು. ನಮ್ಮ ಕಡೆಯವರಿಗೆ ಒಡ್ಡೋಲಗದ ಮುಂದೆ ಪರಾಕು ಹೇಳುವ ಪದ್ಧತಿ ಹೊಸದಲ್ಲ. ಅರಸನ ಬಿರುದುಗಳನ್ನು ಒಂದೊಂದಾಗಿ ಎಣಿಸಿ, ಬಹುಪರಾಕ್ ಎಂದು ಮುಗಿಸುವ ಆ ಮಾತೆಲ್ಲವೂ ಸಿಂಹಾಸನದ ಕಡೆಗೇ ಮುಖ ಮಾಡಿರುತ್ತದೆ. ಮಾರ್ಷಲ್ ಅವರ ಕೂಗು ಮೇಲ್ನೋಟಕ್ಕೆ ಅದನ್ನೇ ಹೋಲಿದರೂ ಅದು ಸಂಬೋಧಿಸುವುದು ಸದಸ್ಯರನ್ನು. ಬರುತ್ತಿರುವವರ ಬಿರುದಾಗಲಿ ಹೆಸರಾಗಲಿ ಅದರಲ್ಲಿಲ್ಲ, ಪದವಿಯೊಂದೇ ಇದೆ, ಮತ್ತು ಆ ಪದವಿಗಿಂತ ಮೊದಲು ಸದಸ್ಯರ ಹೆಸರು ಬರುತ್ತದೆ. ಸಭೆ ದೊಡ್ಡದು, ಪೀಠ ಅದರದ್ದು ಎಂಬ ಮಾತನ್ನು ಪ್ರತಿದಿನ ಬೆಳಿಗ್ಗೆ ಇಷ್ಟು ಚಿಕ್ಕದಾಗಿ ಹೇಳುವ ಇನ್ನೊಂದು ಸಾಲು ನಮ್ಮ ಸಂಸತ್ತಿನಲ್ಲಿ ಇದೆಯೆಂದು ನನಗೆ ಅನ್ನಿಸುವುದಿಲ್ಲ.

ಈ ಹುದ್ದೆಯ ಬೇರು 1929ರಲ್ಲಿದೆ. ಆಗ ಬ್ರಿಟಿಷ್ ಆಳ್ವಿಕೆಯ ಕೇಂದ್ರ ಶಾಸನಸಭೆಯ ಅಧ್ಯಕ್ಷರಾಗಿದ್ದವರು ವಿಠ್ಠಲಭಾಯಿ ಪಟೇಲ್. 1925ರ ಆಗಸ್ಟ್‌ನಲ್ಲಿ 58ಕ್ಕೆ 56 ಮತಗಳ ಅಂತರದಲ್ಲಿ ಗೆದ್ದು ಆ ಪೀಠಕ್ಕೆ ಬಂದ ಮೊದಲ ಚುನಾಯಿತ ಭಾರತೀಯ ಅವರು. ಸಭೆಯ ಕಚೇರಿ ಸರ್ಕಾರದ ಒಂದು ಇಲಾಖೆಯ ಅಡಿಯಲ್ಲಿರಬಾರದೆಂದು ಹಟ ಹಿಡಿದು, 1929ರ ಜನವರಿಯಲ್ಲಿ ಸಭೆಗೆ ತನ್ನದೇ ಆದ ಪ್ರತ್ಯೇಕ ಇಲಾಖೆಯನ್ನು ದೊರಕಿಸಿಕೊಟ್ಟವರೂ ಅವರೇ. ಅದಾಗಿ ಮೂರು ತಿಂಗಳಿಗೆ, ಏಪ್ರಿಲ್ 8ರಂದು, ಸಾರ್ವಜನಿಕ ಸುರಕ್ಷತಾ ಮಸೂದೆಯ ಬಗ್ಗೆ ತಮ್ಮ ತೀರ್ಮಾನ ಹೇಳಲು ಅವರು ಎದ್ದಾಗ ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತ ಪ್ರೇಕ್ಷಕರ ಗ್ಯಾಲರಿಯಿಂದ ಬಾಂಬ್ ಎಸೆದರು. ಸಭೆ ಹೊಗೆಯಿಂದ ತುಂಬಿತು. ಮೂರು ದಿನಗಳ ನಂತರ ಅದೇ ಪೀಠದಿಂದ ವಿಠ್ಠಲಭಾಯಿಯವರು ಆ ಮಸೂದೆಯ ಮೇಲಿನ ಪ್ರಸ್ತಾವವನ್ನು ನಿಯಮಬಾಹಿರವೆಂದು ತಳ್ಳಿಹಾಕಿದರು. ವೈಸರಾಯ್ ಇರ್ವಿನ್ ಸುಗ್ರೀವಾಜ್ಞೆಯ ದಾರಿ ಹಿಡಿಯಬೇಕಾಯಿತು.

ಬಾಂಬ್ ಬಿದ್ದ ಮೇಲೆ ಸಭೆಯನ್ನು ಕಾಯುವವರು ಯಾರು ಎಂಬ ಪ್ರಶ್ನೆ ಎದ್ದಿತು. ಸರ್ಕಾರದ ಕೈಯಲ್ಲಿ ಸುಲಭದ ಉತ್ತರವಿತ್ತು: ದೆಹಲಿಯ ಪೊಲೀಸರು. ವಿಠ್ಠಲಭಾಯಿಯವರು ಅದನ್ನು ಒಪ್ಪಲಿಲ್ಲ. ಸಭೆಯ ಬಾಗಿಲೊಳಗೆ ನಿಲ್ಲುವ ಕಾವಲುಗಾರ ಯಾರಿಂದ ಆಜ್ಞೆ ಪಡೆಯುತ್ತಾನೆ ಎಂಬುದು ಅವರಿಗೆ ಸುರಕ್ಷತೆಯಷ್ಟೇ ಮುಖ್ಯವಾದ ವಿಷಯವಾಗಿತ್ತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಅವರ ಮುತುವರ್ಜಿಯಿಂದ ರಚನೆಯಾದ ಸಮಿತಿಯಿಂದ ‘ವಾಚ್ ಅಂಡ್ ವಾರ್ಡ್’ ಎಂಬ, ಸಭೆಯದೇ ಆದ ಕಾವಲು ವ್ಯವಸ್ಥೆ ಹುಟ್ಟಿತು. 1930ರ ಆರಂಭದಲ್ಲಿ ತಮ್ಮ ಒಪ್ಪಿಗೆಯಿಲ್ಲದೆ ಪೊಲೀಸರನ್ನು ನಿಯೋಜಿಸಿದ್ದಕ್ಕಾಗಿ ಅವರು ಪ್ರೇಕ್ಷಕರ ಗ್ಯಾಲರಿಗಳನ್ನೇ ಮುಚ್ಚಿಸಿಬಿಟ್ಟರು. ತಮ್ಮ ಕಣ್ಣೆದುರೇ ಬಾಂಬ್ ಸಿಡಿದದ್ದನ್ನು ನೋಡಿ ಒಂದು ವರ್ಷವೂ ಆಗಿರದ ವ್ಯಕ್ತಿ, ಭಯ ಪಡಲು ಎಲ್ಲ ಕಾರಣವೂ ಇದ್ದ ವ್ಯಕ್ತಿ, ಪರರಾಜ್ಯದ ಆಡಳಿತವೊಂದರ ಎದುರು ಈ ಗೆರೆಯನ್ನು ಎಳೆದರು ಎಂಬುದನ್ನು ನೆನೆದಾಗ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಇಂದು ತಮ್ಮ ಪಕ್ಕದಲ್ಲಿ ನಿಲ್ಲುವ ಮಾರ್ಷಲ್ ಆ ಗೆರೆಯ ಒಳಗೆ ಹುಟ್ಟಿದವರು.

ಇಂಥ ಗೆರೆ ಬೇರೆ ಕಡೆಯೂ ಇತ್ತು. ಬ್ರಿಟನ್ನಿನ ಸಂಸತ್ತಿನ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್‌ಗೆ ಸಾರ್ಜೆಂಟ್ ಅಟ್ ಆರ್ಮ್ಸ್ ಎಂಬ ಕಾವಲು ಅಧಿಕಾರಿ 1415ರಿಂದ ಇದ್ದಾರೆ. 1642ರ ಜನವರಿ 4ರಂದು ಐವರು ಸದಸ್ಯರನ್ನು ಬಂಧಿಸಲು ಮೊದಲನೆಯ ಚಾರ್ಲ್ಸ್ ದೊರೆ ಸಶಸ್ತ್ರ ಪಡೆಯೊಂದಿಗೆ ಬಂದು ಸದನವನ್ನು ಹೊಕ್ಕಾಗ, ಸಭಾಧ್ಯಕ್ಷ ವಿಲಿಯಂ ಲೆಂಥಾಲ್ ಮಂಡಿಯೂರಿ, ಸದನ ಅಪ್ಪಣೆ ಕೊಡದೆ ತಮಗೆ ನೋಡುವ ಕಣ್ಣೂ ಇಲ್ಲ, ನುಡಿಯುವ ನಾಲಗೆಯೂ ಇಲ್ಲ ಎಂದು ಉತ್ತರಿಸಿದರು. ಇಂದಿಗೂ ಅರಸೊತ್ತಿಗೆಯ ದೂತರಾಗಿ ಬರುವ ಬ್ಲ್ಯಾಕ್ ರಾಡ್ ಅಧಿಕಾರಿಯ ಮುಖಕ್ಕೆ ಕಾಮನ್ಸ್ ಬಾಗಿಲು ಮುಚ್ಚುತ್ತದೆ, ಅವರು ಕರಿಮರದ ಕೋಲಿನಿಂದ ಮೂರು ಸಲ ಬಡಿದ ಮೇಲೆಯೇ ತೆರೆಯುತ್ತದೆ. ಪ್ರವಾಸಿಗರಿಗೆ ಅದು ವರ್ಣರಂಜಿತ ದೃಶ್ಯವಾಗಿ ಕಾಣಬಹುದು, ಆದರೆ ಒಳಗೆ ಬರಬೇಕಾದವರು ಕೇಳಿ ಬರಬೇಕು ಎಂಬ ಹಕ್ಕನ್ನು ಆ ಸದನ ವರ್ಷಕ್ಕೊಮ್ಮೆ ಹೀಗೆ ನವೀಕರಿಸಿಕೊಳ್ಳುತ್ತದೆ. ನಮ್ಮ ಸಂಸತ್ತು ರಾಜದಂಡ ಹೊತ್ತ ಮೆರವಣಿಗೆಗಳನ್ನು ದಿನನಿತ್ಯದ ಕಲಾಪಕ್ಕೆ ತರಲಿಲ್ಲ. ಒಬ್ಬ ಮನುಷ್ಯ, ಒಂದು ಬಂದ್‌ಗಲಾ, ಒಂದು ಪೇಟ, ಒಂದು ಕೂಗು. ಈ ಸರಳತೆ ನನಗೆ ಬಹಳ ಮೆಚ್ಚುಗೆಯಾದದ್ದು.

ಆದರೆ ಮಾರ್ಷಲ್ ಅವರ ಕೆಲಸ ಕೂಗುವುದಕ್ಕೇ ಮುಗಿಯುವುದಿಲ್ಲ ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. 1962ರ ಸೆಪ್ಟೆಂಬರ್ 3ರಂದು ರಾಜ್ಯಸಭೆಯಿಂದ ಅಮಾನತಾದ ಗೋಡೆ ಮುರಹರಿ ಅವರನ್ನು ಮಾರ್ಷಲ್ ಹೊರಗೆ ಕರೆದೊಯ್ದರು. 1966ರ ಜುಲೈನಲ್ಲಿ ಮತ್ತೆ ಅವರು, ಜೊತೆಗೆ ರಾಜ್ ನಾರಾಯಣ್ ಅವರೂ ಅಮಾನತಾಗಿ ಅದೇ ಬಗೆಯಲ್ಲಿ ಹೊರಹೋದರು. ಎರಡು ಸಲ ಮಾರ್ಷಲ್ ಕೈಯಿಂದ ಹೊರಬಂದ ಅದೇ ಮುರಹರಿಯವರು 1972ರಲ್ಲಿ ಅದೇ ಸದನದ ಉಪಸಭಾಪತಿಯಾದರು. 1974ರಲ್ಲಿ ನಮ್ಮ ಬಿ.ಡಿ. ಜತ್ತಿಯವರು ಸಭಾಪತಿಯಾಗಿ ಬಂದಾಗಲೂ ಅವರೇ ಆ ಸ್ಥಾನದಲ್ಲಿದ್ದರು, 1977ರಲ್ಲಿ ಲೋಕಸಭೆಯ ಉಪಾಧ್ಯಕ್ಷರೂ ಆದರು. ಪೀಠದಲ್ಲಿ ಕೂತಾಗಲೆಲ್ಲ ಪಕ್ಕದಲ್ಲಿ ನಿಂತ ಅಧಿಕಾರಿಯ ಉಡುಪನ್ನು ನೋಡಿ ಮುರಹರಿಯವರ ಮನಸ್ಸಿನಲ್ಲಿ ಏನು ಹಾದುಹೋಗುತ್ತಿತ್ತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಇಂದು ಹೊರಹಾಕಿಸಿಕೊಂಡ ಸದಸ್ಯ ನಾಳೆ ಪೀಠದಲ್ಲಿ ಕುಳಿತು ಅದೇ ಕೈಗಳಿಗೆ ಆಜ್ಞೆ ಕೊಡಬಹುದು, ಮತ್ತು ಆ ಕೈಗಳಿಗೆ ಎರಡು ದಿನವೂ ಒಂದೇ ಆಗಿರಬೇಕು. ಹಾಗಾಗಬೇಕಾದರೆ ಅವು ಸದನದ ಕೈಗಳೇ ಆಗಿರಬೇಕು. 2010ರ ಮಾರ್ಚ್ 9ರಂದು ಮಹಿಳಾ ಮೀಸಲಾತಿ ಮಸೂದೆಗೆ ಮತ ಹಾಕುವ ಮುನ್ನ ಅಮಾನತಾದ ಏಳು ಸದಸ್ಯರನ್ನು ಮಾರ್ಷಲ್‌ಗಳು ಎತ್ತಿಕೊಂಡು ಹೋದದ್ದನ್ನು ಇಡೀ ದೇಶ ಟಿ.ವಿ.ಯಲ್ಲಿ ನೋಡಿತು. ನಮ್ಮ ವಿಧಾನಸಭೆಯಲ್ಲೂ 2025ರ ಮಾರ್ಚ್‌ನಲ್ಲಿ 18 ಶಾಸಕರು ಅಮಾನತಾದಾಗ ಅಂಥದೇ ದೃಶ್ಯ ಕಂಡೆವು. ನೋಡಲು ಹಿತವಲ್ಲದ ಕೆಲಸ ಅದು, ಆದ್ದರಿಂದಲೇ ಅದನ್ನು ಮಾಡುವವರು ಯಾರೆಂಬುದು ಮುಖ್ಯ.

ಈ ಸೇವೆಯವರು ತೆತ್ತ ಬೆಲೆಯನ್ನೂ ಹೇಳದಿದ್ದರೆ ಪತ್ರ ಅಪೂರ್ಣವಾಗುತ್ತದೆ. 2001ರ ಡಿಸೆಂಬರ್ 13ರಂದು ಉಗ್ರರ ಕಾರು ಸಂಸತ್ ಆವರಣದಲ್ಲಿ ಬಂದು ಡಿಕ್ಕಿ ಹೊಡೆದದ್ದು ಅಂದಿನ ಉಪರಾಷ್ಟ್ರಪತಿ ಕೃಷ್ಣಕಾಂತ್ ಅವರಿಗಾಗಿ ಕಾದಿದ್ದ ವಾಹನ ಸಾಲಿನ ಕಾರಿಗೆ, ಅಂದರೆ ತಮ್ಮ ಪೀಠದಲ್ಲಿ ಅಂದು ಕುಳಿತಿದ್ದವರ ಬೆಂಗಾವಲಿಗೆ. ವಾಚ್ ಅಂಡ್ ವಾರ್ಡ್‌ನ ಜಗದೀಶ್ ಪ್ರಸಾದ್ ಯಾದವ್ ಮತ್ತು ಮಾತಬರ್ ಸಿಂಗ್ ನೇಗಿ ಅವರ ಬಳಿ ಬಂದೂಕು ಇರಲಿಲ್ಲ. ಯಾದವ್ ಅವರು ಆ ಕಾರಿನ ಹಿಂದೆ ಓಡಿದರು, ನೇಗಿಯವರು ಗುಂಡು ತಗುಲಿದರೂ ಬಾಗಿಲು ಮುಚ್ಚಿದರು. ಇಬ್ಬರಿಗೂ ಮರಣೋತ್ತರ ಅಶೋಕ ಚಕ್ರ ಸಂದಿತು. 2009ರ ಏಪ್ರಿಲ್‌ನಲ್ಲಿ ವಾಚ್ ಅಂಡ್ ವಾರ್ಡ್ ಎಂಬ ಹೆಸರು ಸಂಸತ್ ಭದ್ರತಾ ಸೇವೆ ಎಂದು ಬದಲಾಯಿತು.

ಇತ್ತೀಚಿನ ಬದಲಾವಣೆಗಳೇ ನನ್ನನ್ನು ಈ ಪತ್ರಕ್ಕೆ ಕೂರಿಸಿದವು. 2019ರ ನವೆಂಬರ್‌ನಲ್ಲಿ, ರಾಜ್ಯಸಭೆಯ 250ನೇ ಅಧಿವೇಶನದ ಮೊದಲ ದಿನ, ಮಾರ್ಷಲ್‌ಗಳು ಸೈನ್ಯದ ಅಧಿಕಾರಿಗಳಂತೆ ಟೋಪಿ ಮತ್ತು ಸಮವಸ್ತ್ರ ಧರಿಸಿ ಬಂದರು. ಹಳೆಯ ಉಡುಪನ್ನು ಬದಲಿಸಬೇಕೆಂಬ ಬೇಡಿಕೆ ಸಿಬ್ಬಂದಿಯಿಂದಲೇ ಬಂದಿತ್ತೆಂದು ವರದಿಯಾಯಿತು, ಅವರ ಅನಾನುಕೂಲವನ್ನು ಕೇಳಿಸಿಕೊಂಡದ್ದು ಸರಿಯೇ. ಆದರೆ ಸದಸ್ಯರೂ ಸೇನೆಯ ಮಾಜಿ ಮುಖ್ಯಸ್ಥ ವಿ.ಪಿ. ಮಲಿಕ್ ಅವರೂ ಆಕ್ಷೇಪಿಸಿದಾಗ, ಅಂದಿನ ಸಭಾಪತಿ ವೆಂಕಯ್ಯ ನಾಯ್ಡು ಅವರು ಮರುದಿನವೇ ಮರುಪರಿಶೀಲನೆಗೆ ಸೂಚಿಸಿದರು. ಪೀಠ ತನ್ನ ತೀರ್ಮಾನವನ್ನು ತಾನೇ ಮತ್ತೆ ನೋಡಿಕೊಂಡ ಆ ನಡೆ ನನಗೆ ಗೌರವ ತರಿಸಿತು.

2023ರ ಡಿಸೆಂಬರ್ 13ರಂದು ಇಬ್ಬರು ಲೋಕಸಭೆಯ ಗ್ಯಾಲರಿಯಿಂದ ಸದನಕ್ಕೆ ಹಾರಿ ಹೊಗೆ ಹರಡಿದರು. ಅವರಲ್ಲೊಬ್ಬರು ನಮ್ಮ ಮೈಸೂರಿನವರು. ಭದ್ರತೆ ಬಿಗಿಯಾಗಬೇಕಾದ್ದು ಅನಿವಾರ್ಯವಾಯಿತು, 2024ರ ಮೇ ತಿಂಗಳಲ್ಲಿ ಸಂಸತ್ ಸಂಕೀರ್ಣದ ಕಾವಲನ್ನು ಗೃಹ ಸಚಿವಾಲಯದ ಅಧೀನದಲ್ಲಿರುವ ಕೇಂದ್ರ ಕೈಗಾರಿಕಾ ಭದ್ರತಾ ಪಡೆ (ಸಿಐಎಸ್‌ಎಫ್) ವಹಿಸಿಕೊಂಡಿತು. ಗೇಟಿನಲ್ಲಿ, ಆವರಣದಲ್ಲಿ, ತಪಾಸಣೆಯ ಜಾಗದಲ್ಲಿ ಅವರಿರುವುದಕ್ಕೆ ನನ್ನ ತಕರಾರಿಲ್ಲ. ಆದರೆ 2025ರ ಆಗಸ್ಟ್‌ನಲ್ಲಿ ವಿರೋಧ ಪಕ್ಷದ ನಾಯಕ ಮಲ್ಲಿಕಾರ್ಜುನ ಖರ್ಗೆಯವರು, ಪ್ರತಿಭಟಿಸುತ್ತಿದ್ದ ಸದಸ್ಯರ ಎದುರು ಸಿಐಎಸ್‌ಎಫ್ ಸಿಬ್ಬಂದಿ ಸದನದ ಒಳಗೆ ಪೀಠದ ಮುಂದಿರುವ ಅಂಗಳಕ್ಕೇ ಬಂದರೆಂದು ಉಪಸಭಾಪತಿ ಹರಿವಂಶ್ ಅವರಿಗೆ ಪತ್ರ ಬರೆದರು, ಬಂದವರು ಮಾರ್ಷಲ್‌ಗಳೇ ಎಂದು ಸರ್ಕಾರದ ಕಡೆಯವರು ಹೇಳಿದರು. ಇದರಲ್ಲಿ ಯಾರ ಪಕ್ಷವನ್ನೂ ವಹಿಸಲು ನಾನು ಬಂದಿಲ್ಲ. ಸದನದಲ್ಲೇ ಕುಳಿತ ಹಿರಿಯ ಸದಸ್ಯರಿಗೆ ಎದುರಿಗೆ ನಿಂತವರು ಸದನದವರೋ ಸರ್ಕಾರದವರೋ ಎಂದು ವಾದಿಸಬೇಕಾದ ಸ್ಥಿತಿ ಬಂದದ್ದೇ ನನ್ನ ಕಳವಳ. 1930ರಲ್ಲಿ ವಿಠ್ಠಲಭಾಯಿಯವರು ಗ್ಯಾಲರಿ ಮುಚ್ಚಿಸಿದ್ದು ಇದೇ ಪ್ರಶ್ನೆಗಾಗಿ.

ಈ ಗೊಂದಲಕ್ಕೆ ನಿಯಮಾವಳಿಯ ಮೌನವೂ ಒಂದು ಕಾರಣ. ಅಶಿಸ್ತಿನ ಸದಸ್ಯರನ್ನು ಹೊರಹೋಗಲು ಹೇಳುವ 255ನೇ ನಿಯಮದಲ್ಲಾಗಲಿ, ಅಮಾನತಿನ 256ನೇ ನಿಯಮದಲ್ಲಾಗಲಿ ಮಾರ್ಷಲ್ ಎಂಬ ಪದವೇ ಬರುವುದಿಲ್ಲ. ಸದಸ್ಯರು ತಕ್ಷಣ ಹೊರಹೋಗತಕ್ಕದ್ದು ಎಂದಷ್ಟೇ ಇದೆ, ಹೋಗದಿದ್ದರೆ ಅವರ ಮೈಮುಟ್ಟುವ ಅಧಿಕಾರ ಯಾರಿಗೆ ಎಂಬುದನ್ನು ರೂಢಿಗೆ ಬಿಡಲಾಗಿದೆ. ಎಲ್ಲರೂ ಒಪ್ಪಿ ನಡೆದಷ್ಟು ಕಾಲ ರೂಢಿ ಸಾಕಾಗುತ್ತದೆ, ಆ ಒಪ್ಪಿಗೆ ಸಡಿಲವಾದ ಮೇಲೆ ಅಕ್ಷರ ಬೇಕು.

ಹೀಗಾಗಿ ನನ್ನ ಮೊದಲ ಕೋರಿಕೆ, ಸದನದ ಬಾಗಿಲಿನ ಒಳಗೆ ಸದಸ್ಯರ ಮೇಲೆ ಕೈಯಿಡುವ ಅಧಿಕಾರ ರಾಜ್ಯಸಭಾ ಸಚಿವಾಲಯದ ಮಾರ್ಷಲ್‌ಗಳಿಗೆ ಮಾತ್ರ, ಅದೂ ಪೀಠದ ಆಜ್ಞೆಯ ಮೇರೆಗೆ ಮಾತ್ರ ಇದೆಯೆಂದು ನಿಯಮಾವಳಿಯಲ್ಲಿ ಬರೆಸುವ ಪ್ರಸ್ತಾವವನ್ನು ತಾವು ನಿಯಮಗಳ ಸಮಿತಿಯ ಮುಂದಿಡಬೇಕು ಎಂಬುದು. ಸಂವಿಧಾನದ 98ನೇ ವಿಧಿ ಪ್ರತಿ ಸದನಕ್ಕೂ ತನ್ನದೇ ಸಚಿವಾಲಯ ಇರಬೇಕೆಂದು ಹೇಳುವಾಗ ಆ ಸ್ವಾತಂತ್ರ್ಯ ಕಡತಗಳಿಗೆ ಮಾತ್ರ ಮೀಸಲಾಗಿರಲಾರದು. ಎರಡನೆಯದು, ಈ ಸೇವೆಗೆ ಸದನದ ನಡವಳಿಕೆಯಲ್ಲೇ ಪಳಗಿದ ಹೊಸಬರು ಬರುತ್ತಿರಲು ಬೇಕಾದ ನೇಮಕಾತಿಯನ್ನೂ ತರಬೇತಿಯನ್ನೂ ಮುಂದುವರಿಸಬೇಕು, ಮತ್ತು ಅವರ ಉಡುಪು ದೂರದಿಂದಲೇ ಗುರುತು ಸಿಗುವಂತೆ ನಾಗರಿಕ ಉಡುಪಾಗಿಯೇ ಉಳಿಯಬೇಕು.

ಮೂರನೆಯದು ಚಿಕ್ಕದು, ನನಗೆ ಮಾತ್ರ ತೀರ ಹತ್ತಿರದ್ದು. ನಿವೃತ್ತರಾದ ಮಾರ್ಷಲ್‌ಗಳನ್ನು ಕರೆಸಿ, ಅವರ ನೆನಪುಗಳನ್ನು ದಾಖಲಿಸಿ, 1929ರಿಂದ ಇಂದಿನವರೆಗಿನ ಈ ಹುದ್ದೆಯ ಚರಿತ್ರೆಯನ್ನು ಸಚಿವಾಲಯ ಪುಸ್ತಕವಾಗಿ ತರಲಿ, ಕನ್ನಡವೂ ಸೇರಿದಂತೆ ಎಂಟನೇ ಅನುಸೂಚಿಯ ಎಲ್ಲ ಭಾಷೆಗಳಲ್ಲಿ ಅದು ಶಾಲೆಗಳಿಗೆ ತಲುಪಲಿ. ಪೀಠದ ಹಿಂದೆ ನಿಂತವರು ಯಾರು ಎಂದು ಮುಂದೆ ಯಾವ ಮಗು ಕೇಳಿದರೂ ಅದರ ಶಿಕ್ಷಕರ ಕೈಯಲ್ಲಿ ಆ ಪುಸ್ತಕ ಇರಲಿ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ, ಶಿವಮೊಗ್ಗ